ದೊಡ್ಡಕ್ಷರದ ದೊಡ್ಡಸ್ತಿಕೆ

ಜಾವಾ ಲ್ಯಾಬಿನ ಮೇಷ್ಟರಿಗೆ ಕಣ್ಣು ಬೇಗ ಸೋಲುತ್ತದೆ. ಇಫ್ ಒಳಗೊಂದು ಫಾರ್, ಅದರೊಳಗೆ ಮತ್ತೊಂದು ಇಫ್, ಎಲ್ಲವೂ ಎಡ ಅಂಚಿಗೆ ಅಂಟಿಕೊಂಡಿರುತ್ತವೆ. ಕೊನೆಯಲ್ಲಿ ಮುಚ್ಚುವ ಬ್ರೇಸುಗಳ ಮೆರವಣಿಗೆ. ಯಾವುದು ಯಾವುದರದ್ದೆಂದು ಬೆರಳಿಟ್ಟು ಎಣಿಸುತ್ತ ಕೂತರೆ, "ಔಟ್‌ಪುಟ್ ಬಂತಲ್ಲ ಸರ್, ಮತ್ತೇನು?" ಎಂದು ಹುಡುಗ ಕನಿಕರದಿಂದ ನೋಡುತ್ತಾನೆ. ಅವನ ವಾದವೂ ಸರಿಯೇ ಅನ್ನಿ. ಕಂಪೈಲರಿಗೆ ಅಂದಚೆಂದದ ಹಂಗಿಲ್ಲ. ಇಡೀ ಪ್ರೋಗ್ರಾಮನ್ನು ಒಂದೇ ಸಾಲಿಗೆ ತುರುಕಿದರೂ ಕಮಕ್ ಕಿಮಕ್ ಎನ್ನದೆ ನುಂಗುತ್ತದೆ. ಅಜೀರ್ಣವಾಗುವುದು ನನಗೆ.

ಇದು ನನ್ನೊಬ್ಬನ ಮಡಿವಂತಿಕೆ ಎಂದುಕೊಳ್ಳಬೇಡಿ. ಜಾವಾವನ್ನು ಹೆತ್ತ ಸನ್ ಮೈಕ್ರೋಸಿಸ್ಟಮ್ಸ್‌ನವರೇ ನಿಯಮಾವಳಿ ಬರೆದಿಟ್ಟಿದ್ದರು. ಅದನ್ನು ಕೊನೆಯದಾಗಿ ತಿದ್ದಿದ್ದು 1999ರ ಏಪ್ರಿಲ್‌ನಲ್ಲಿ. ಒಳಗಿನ ಸಾಲು 4 ಸ್ಪೇಸ್ ಸರಿಯಬೇಕು, ಸಾಲಿನುದ್ದ 80 ಅಕ್ಷರ ದಾಟಬಾರದು. ಕ್ಲಾಸಿನ ಹೆಸರು ನಾಮಪದ, ಮೊದಲಕ್ಷರ ದೊಡ್ಡದು. ಮೆಥಡ್ಡಿನದು ಕ್ರಿಯಾಪದ, ಮೊದಲಕ್ಷರ ಚಿಕ್ಕದು. ಕಾನ್‌ಸ್ಟೆಂಟ್ ಆದರೆ ಆಪಾದಮಸ್ತಕ ದೊಡ್ಡಕ್ಷರ. ಗೂಗಲ್‌ನವರ ಸಂಪ್ರದಾಯ ಬೇರೆ: 2 ಸ್ಪೇಸ್, 100 ಅಕ್ಷರ. ಯಾರು ಯಾವ ಮಠಕ್ಕಾದರೂ ನಡೆದುಕೊಳ್ಳಲಿ, ನನ್ನ ತಕರಾರಿಲ್ಲ. ಒಂದೇ ಫೈಲಿನಲ್ಲಿ ಎರಡೂ ಕಡೆ ಅಡ್ಡಬೀಳುವವರ ಜೊತೆಗೆ ಮಾತ್ರ ಜಗಳ.

ಸಾಫ್ಟ್‌ವೇರಿನ ಜೀವಮಾನದ ಖರ್ಚಿನಲ್ಲಿ ಶೇ. 80ರಷ್ಟು ಮೇಂಟೆನೆನ್ಸ್‌ಗೇ ಹೋಗುತ್ತದೆ, ಬರೆದವರೇ ಅದನ್ನು ಕೊನೆತನಕ ನೋಡಿಕೊಳ್ಳುವುದು ಅಪರೂಪ. ಸನ್‌ನವರು ಕೊಟ್ಟ ಕಾರಣ ಇದು. ನಾನಿದನ್ನು ಗಂಭೀರವಾಗಿ ಹೇಳಿದರೆ ಹಿಂದಿನ ಬೆಂಚಿನಿಂದ ಉತ್ತರ ಬಂತು: "ನಮ್ಮ ಪ್ರೋಗ್ರಾಮಿನ ಆಯಸ್ಸು ಇಂಟರ್ನಲ್ಸ್‌ವರೆಗೆ ಅಷ್ಟೇ ಸರ್."

ಒಬ್ಬರು ಕಟ್ಟಿದ್ದರಲ್ಲಿ ಇನ್ನೊಬ್ಬರು ಬಾಳಬೇಕಾದ ಫಜೀತಿ ನನಗೆ ಅಡುಗೆಮನೆಯಲ್ಲೇ ಚೆನ್ನಾಗಿ ಗೊತ್ತಾದದ್ದು. ನಮ್ಮ ಮನೆಯ ಹಾರ್ಲಿಕ್ಸ್ ಬಾಟಲಿಯಲ್ಲಿರುವುದು ಧನಿಯಾ ಪುಡಿ. ಹೆಂಡತಿ ಇರುವವರೆಗೆ ಅದರಿಂದ ಯಾರಿಗೂ ತೊಂದರೆಯಿಲ್ಲ. ಅವಳು ತವರಿಗೆ ಹೋದ ಬೆಳಗ್ಗೆ ನಾನು ಬಿಸಿ ಹಾಲಿಗೆ ಎರಡು ಚಮಚ ಧಾರಾಳವಾಗಿಯೇ ಬೆರೆಸಿ ಕುಡಿದೆ. ಫೋನಿನಲ್ಲಿ ದೂರಿದರೆ, "ಮೂಸಿ ನೋಡಿದ್ರೆ ಗೊತ್ತಾಗ್ತಿರಲಿಲ್ವೇನ್ರೀ?" ಎಂದಳು. ಸರಾಸರಿ ಅಂಕವನ್ನು 'ಟೋಟಲ್' ಎಂಬ ವೇರಿಯಬಲ್‌ನಲ್ಲಿ ತುಂಬಿಡುವ ಹುಡುಗರೂ ಇದನ್ನೇ ಹೇಳುತ್ತಾರೆ: "ಫಾರ್ಮುಲಾ ನೋಡಿದ್ರೆ ಗೊತ್ತಾಗಲ್ವಾ ಸರ್?"

ಅಂದಹಾಗೆ, ಜಾವಾ ಕನ್ನಡ ಲಿಪಿಯ ಹೆಸರುಗಳನ್ನೂ ಒಪ್ಪುತ್ತದೆ. ಒಬ್ಬ ಹುಡುಗಿ 'ಮೊತ್ತ', 'ಸರಾಸರಿ' ಎಂದೆಲ್ಲ ಲಕ್ಷಣವಾಗಿ ಹೆಸರಿಟ್ಟುಕೊಂಡು ಬಂದಳು. ಓದಿ ಹೊಟ್ಟೆ ತಂಪಾಯಿತು. ಆದರೆ ಕ್ಲಾಸಿನ ಹೆಸರೂ 'ವಿದ್ಯಾರ್ಥಿ', ವೇರಿಯಬಲ್ಲಿನ ಹೆಸರೂ 'ವಿದ್ಯಾರ್ಥಿ'! ಕಂಪೈಲರು ಅದಕ್ಕೂ ಜೈ ಎಂದಿತ್ತು. ಇಂಗ್ಲಿಷಿನಲ್ಲಾದರೆ ಮೊದಲಕ್ಷರವೇ ಗುರುತು ಹೇಳುತ್ತಿತ್ತು, ನಮ್ಮ ಲಿಪಿಯಲ್ಲಿ ದೊಡ್ಡಕ್ಷರ ಎಲ್ಲಿಂದ ತರೋಣ?

"ಕ್ಲಾಸು ಯಾವುದು, ವೇರಿಯಬಲ್ ಯಾವುದು ಅಂತ ಹೇಗಮ್ಮಾ ಗೊತ್ತಾಗೋದು?" ಎಂದೆ.

ಅವಳು ತುಸು ಯೋಚಿಸಿದಳು. "ಕ್ಲಾಸಿಗೆ ಬಹುವಚನ ಕೊಟ್ಟುಬಿಡೋಣ ಸರ್, 'ವಿದ್ಯಾರ್ಥಿಯವರು' ಅಂತ."