ಓ.ಓ.ಡಿ. ಮೇಲೆ ಲಾಲ್‌ಬಾಗು

ಹೊಸದುರ್ಗ ತಾಲ್ಲೂಕಿನ ಮತ್ತೋಡಿನಿಂದ ಬೆಂಗಳೂರಿಗೆ ಹೋಗುವವರು ಬಹುಮಟ್ಟಿಗೆ ಕೆಲಸದ ಮೇಲೆಯೇ ಹೋಗುತ್ತಾರೆ. ಇಲಾಖೆಯ ಸಭೆಗೆ ಕಡತ ಹೊತ್ತ ಗುಮಾಸ್ತ, ಪಿಯುಸಿ ಮೌಲ್ಯಮಾಪನಕ್ಕೆ ಕೆಂಪು ಪೆನ್ನು ಸಿಕ್ಕಿಸಿಕೊಂಡ ಉಪನ್ಯಾಸಕ, ಹೈಕೋರ್ಟಿನಲ್ಲಿ ಬದುವಿನ ತಕರಾರು ಇಟ್ಟುಕೊಂಡ ರೈತ, ಮನೆಯ ಮದುವೆಗೆ ಚಿಕ್ಕಪೇಟೆಯಲ್ಲಿ ಜವಳಿ ತೆಗೆಯಲು ಹೊರಟ ಹಿರಿಯರು, ಹೀಗೆ. ಬೆಂಗಳೂರು ನೋಡಲಿಕ್ಕೆಂದೇ ಬೆಂಗಳೂರಿಗೆ ಹೋಗುವುದು ದುಡ್ಡು ಹೆಚ್ಚಾದವರ ಲಕ್ಷಣವೆಂದು ಊರು ತಿಳಿದಿದೆ. ಆದರೆ ಹೋದವರು ಏನನ್ನೂ ನೋಡದೆ ಹಿಂತಿರುಗಿದರೆ ಅದನ್ನೂ ಊರು ಕ್ಷಮಿಸುವುದಿಲ್ಲ. ಮರುದಿನ ಕಟ್ಟೆಯ ಮೇಲೆ ‘ಕೆಲಸ ಆಯ್ತಾ?’ ಎಂದು ಕೇಳುವವರು ಕಡಿಮೆ. ‘ಏನೇನ್ ನೋಡ್ಕಂಡ್ ಬಂದೆ?’ ಎಂದು ಕೇಳುವವರೇ ಎಲ್ಲ. ಕೆಲಸ ಆಗಿಲ್ಲವೆಂಬುದು ಅವರಿಗೆ ಮೊದಲೇ ಗೊತ್ತಿರುತ್ತದೆ.

ಈ ವಿಚಾರಣೆಯಲ್ಲಿ ಯಾವುದು ಲೆಕ್ಕಕ್ಕೆ ಬರುತ್ತದೆ, ಯಾವುದು ಬರುವುದಿಲ್ಲ ಎಂಬುದಕ್ಕೆ ಬರೆದಿಡದ ಒಂದು ಪಟ್ಟಿಯಿದೆ. ವಿಧಾನಸೌಧ ಮತ್ತು ಲಾಲ್‌ಬಾಗು ಅದರಲ್ಲಿ ಖಾಯಂ ಸದಸ್ಯರು. ಮೆಟ್ರೊ ಈಚೆಗೆ ಸೇರ್ಪಡೆಯಾಗಿದೆ. ಮೆಜೆಸ್ಟಿಕ್ಕನ್ನು ಯಾರೂ ಕೇಳುವುದಿಲ್ಲ; ಉಸಿರಾಡಿದೆಯಾ ಎಂದು ಕೇಳಿದ ಹಾಗಾಗುತ್ತದೆ. ತಾರಾಲಯ ನೋಡಿ ಬಂದವನಿಗೆ ಮರ್ಯಾದೆಯಿಲ್ಲ. ಕತ್ತಲೆ ಕೋಣೆಯಲ್ಲಿ ಕೂತು ನಕ್ಷತ್ರ ನೋಡಲು ಟಿಕೆಟ್ ಕೊಡುವುದನ್ನು, ಮನೆಯ ಮಾಳಿಗೆಯ ಮೇಲೆ ಮಲಗಿ ಅವನ್ನೇ ಪುಕ್ಕಟೆ ನೋಡುವ ಊರು ಹೇಗೆ ತಾನೇ ಒಪ್ಪೀತು?

ಪ್ರಯಾಣದ ವಿಷಯದಲ್ಲಿ ರೈಲನ್ನು ಮೊದಲು ಪಕ್ಕಕ್ಕಿಡಬೇಕು. ತಾಲ್ಲೂಕಿನಲ್ಲಿ ಹೊಸದುರ್ಗ ರೋಡ್ ಎಂಬ ಸ್ಟೇಷನ್ ಇದೆ. ಹೆಸರಿನ ಮುಂದೆ ‘ರೋಡ್’ ಎಂದು ರೈಲ್ವೆ ಸೇರಿಸಿತೆಂದರೆ ಊರು ಅಲ್ಲಿಲ್ಲ, ಊರಿಗೆ ಹೋಗುವ ರಸ್ತೆ ಮಾತ್ರ ಇದೆ ಎಂದರ್ಥ. ಆದ್ದರಿಂದ ಬಸ್ಸೇ ಗತಿ. ಹಿರಿಯೂರು, ಶಿರಾ ಹಿಡಿದು ಹೋದರೂ ಸರಿ, ಹುಳಿಯಾರಿನ ಕಡೆಯಿಂದ ಸುತ್ತಿದರೂ ಸರಿ, ತುಮಕೂರು ದಾಟಿ ನೆಲಮಂಗಲಕ್ಕೆ ಬರುವುದು ತಪ್ಪದು. ಮೊದಲೆಲ್ಲ ನೆಲಮಂಗಲದಿಂದ ಮೆಜೆಸ್ಟಿಕ್‌ವರೆಗಿನ ಹಾದಿ ಉಳಿದ ಇಡೀ ಪ್ರಯಾಣದಷ್ಟೇ ಉದ್ದವೆನ್ನಿಸುತ್ತಿತ್ತು. 2024ರ ನವೆಂಬರ್‌ನಲ್ಲಿ ಹಸಿರು ಮಾರ್ಗದ ಮೆಟ್ರೊ ನಾಗಸಂದ್ರದಿಂದ ಮುಂದೆ ಸಾಗಿ ಮಾದಾವರ ಮುಟ್ಟಿತು. ಅಂದಿನಿಂದ ತುಮಕೂರು ರಸ್ತೆಯ ಪ್ರಯಾಣಿಕರು ಊರ ಬಾಗಿಲಲ್ಲೇ ಬಸ್ಸಿಳಿದು ಮೆಟ್ರೊ ಹತ್ತಬಹುದು. ಇದರಲ್ಲಿ ಎರಡು ಲಾಭ. ಸಮಯ ಉಳಿಯುತ್ತದೆ, ಕಚೇರಿ ಮುಟ್ಟುವ ಮೊದಲೇ ಪಟ್ಟಿಯ ಒಂದು ಬಾಬ್ತು ಮುಗಿದಿರುತ್ತದೆ.

ಅಡಚಣೆಯಿರುವುದು ಚೀಲದಲ್ಲಿ. ತೆಂಗಿನ ಸೀಮೆಯವರು ಬೆಂಗಳೂರಿನ ನೆಂಟರ ಮನೆಗೆ ಬರಿಗೈಲಿ ಹೋಗುವ ಸಂಪ್ರದಾಯವಿಲ್ಲ. ಹತ್ತು ಸುಲಿದ ಕಾಯಿ, ಮೇಲೊಂದಿಷ್ಟು ಹುಣಸೆಹಣ್ಣು. ಮೆಟ್ರೊದ ತಪಾಸಣಾ ಯಂತ್ರದೊಳಗೆ ಈ ಚೀಲ ಹೋದಾಗ ಪರದೆಯ ಮೇಲೆ ಹತ್ತು ಗುಂಡುಗಳು ಸಾಲಾಗಿ ಮೂಡುತ್ತವೆ. ಕಾವಲಿನವನು ಒಮ್ಮೆ ಪರದೆಯನ್ನು, ಒಮ್ಮೆ ಚೀಲದ ಯಜಮಾನನನ್ನು ನೋಡುತ್ತಾನೆ. ನೆಂಟರ ಮನೆ ಕಚೇರಿಗೆ ವಿರುದ್ಧ ದಿಕ್ಕಿನಲ್ಲಿರುವುದು ಬೆಂಗಳೂರಿನ ಸ್ಥಿರ ನಿಯಮ. ಹೀಗಾಗಿ ಕಾಯಿಗಳೂ ದಿನವಿಡೀ ಯಜಮಾನನೊಂದಿಗೆ ಬೆಂಗಳೂರು ನೋಡುತ್ತವೆ.

ಕೆಲಸದ ನಡುವೆ ಊರು ನೋಡಲು ಹೊತ್ತು ಎಲ್ಲಿಂದ ಬರುತ್ತದೆ ಎಂಬುದು ಮುಖ್ಯ ಪ್ರಶ್ನೆ. ಅದು ಕಚೇರಿಯೇ ಕೊಡುವ ದಾನ. ಹಾಜರಿ ಪುಸ್ತಕದಲ್ಲಿ ‘ಓ.ಓ.ಡಿ.’ ಎಂದು ಬರೆಸಿ, ಅಂದರೆ ಅನ್ಯಕಾರ್ಯ ನಿಮಿತ್ತ ಹೊರಟು, ನಸುಕಿನ ಬಸ್ಸು ಹಿಡಿದು ಹನ್ನೊಂದಕ್ಕೆ ಸರಿಯಾಗಿ ಬಾಗಿಲಲ್ಲಿ ನಿಂತವನಿಗೆ ಸಿಗುವ ಉತ್ತರ ‘ಸಾಹೇಬ್ರು ಮೀಟಿಂಗ್‌ನಲ್ಲಿದಾರೆ, ಊಟ ಆದ್ಮೇಲೆ ಬನ್ನಿ.’ ಹೊಸಬರು ಇದನ್ನು ಕೇಳಿ ಕುಗ್ಗುತ್ತಾರೆ. ಪಳಗಿದವರು ಗಡಿಯಾರ ನೋಡುತ್ತಾರೆ. ಹನ್ನೊಂದೂವರೆಯಿಂದ ಮೂರರವರೆಗೆ ಸರ್ಕಾರವೇ ಮಂಜೂರು ಮಾಡಿದ ಬಿಡುವು ಅದು. ಸಾಹೇಬರು ಹೇಳಿದ ಹೊತ್ತಿಗೆ ಸಿಕ್ಕಿಬಿಟ್ಟಿದ್ದರೆ ಈ ಜಿಲ್ಲೆಯ ಅರ್ಧದಷ್ಟು ನೌಕರರು ವಿಧಾನಸೌಧವನ್ನು ಕ್ಯಾಲೆಂಡರಿನಲ್ಲಿ ಮಾತ್ರ ಕಂಡಿರುತ್ತಿದ್ದರು.

ನೋಡುವ ಜಾಗವನ್ನು ನಿರ್ಧರಿಸುವುದು ಆಸಕ್ತಿಯಲ್ಲ, ಕಚೇರಿಯ ವಿಳಾಸ. ನೃಪತುಂಗ ರಸ್ತೆಯ ಶಿಕ್ಷಣ ಇಲಾಖೆಗೆ ಬಂದವರಿಗೆ ಕಬ್ಬನ್ ಪಾರ್ಕು ಬಿಟ್ಟಿ ಸಿಗುತ್ತದೆ. 1870ರಲ್ಲಿ ರಿಚರ್ಡ್ ಸ್ಯಾಂಕಿಯ ಯೋಜನೆಯಂತೆ ಎದ್ದ ಈ ಉದ್ಯಾನದಲ್ಲಿ ಮಧ್ಯಾಹ್ನದ ಹೊತ್ತು ಬೆಂಚುಗಳ ಮೇಲೆ ಕಡತವನ್ನು ತಲೆದಿಂಬು ಮಾಡಿಕೊಂಡು ಮಲಗಿದವರಲ್ಲಿ ರಾಜ್ಯದ ಎಲ್ಲ ಜಿಲ್ಲೆಗಳಿಗೂ ಪ್ರಾತಿನಿಧ್ಯವಿದೆ. ಪಕ್ಕದ ಅಠಾರಾ ಕಚೇರಿ 1868ರಿಂದ ಕೆಂಪಗೆ ನಿಂತಿದೆ. ಒಂದು ಕಾಲಕ್ಕೆ ಹದಿನೆಂಟು ಇಲಾಖೆಗಳು ಕೂತಿದ್ದ ಕಟ್ಟಡ ಈಗ ಹೈಕೋರ್ಟು. ಮತ್ತೋಡಿನ ಕಕ್ಷಿದಾರನಿಗೆ ಇದು ನೋಡುವ ಜಾಗವೇ ಅಲ್ಲ. ಎಲ್ಲರೂ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವ ಕಟ್ಟಡದೊಳಗೆ ಅವನು ‘ನಮ್ಮ ಕೇಸು ಕೂಗಿದರಾ?’ ಎಂದು ಕೇಳುತ್ತ ಅಲೆದಿರುತ್ತಾನೆ.

ಪದವಿಪೂರ್ವ ಇಲಾಖೆಯ ಕಡೆ ಹೋಗುವ ಉಪನ್ಯಾಸಕರ ಪಾಲಿಗೆ ಬಂದದ್ದು ಮಲ್ಲೇಶ್ವರ. ಅವರ ಬೆಂಗಳೂರಿನಲ್ಲಿ ಲಾಲ್‌ಬಾಗು ದೂರದ ದೇಶ. ಕಾಡು ಮಲ್ಲೇಶ್ವರ ದೇವಸ್ಥಾನ, ಅದರೆದುರು ಮಣ್ಣಿನಡಿ ಹೂತುಹೋಗಿ 1997ರಲ್ಲಿ ಮತ್ತೆ ಬೆಳಕಿಗೆ ಬಂದ ನಂದಿತೀರ್ಥ, 1882ರ ಸ್ಯಾಂಕಿ ಕೆರೆ, ಸಿ.ಟಿ.ಆರ್.ನ ಬೆಣ್ಣೆ ದೋಸೆ, ಇಷ್ಟರಲ್ಲಿ ರಾಜಧಾನಿ ಮುಗಿಯುತ್ತದೆ. ದಾವಣಗೆರೆಯ ಬೆಣ್ಣೆ ದೋಸೆ ತಿಂದು ಬೆಳೆದ ಸೀಮೆಯವರಾದ್ದರಿಂದ ಆ ದೋಸೆಯ ಮೌಲ್ಯಮಾಪನ ಕಟ್ಟುನಿಟ್ಟಾಗಿಯೇ ನಡೆಯುತ್ತದೆ. ಅರ್ಧ ಅಂಕ ಹೆಚ್ಚಿಗೆ ಬೀಳುವುದಿಲ್ಲ.

ವಿಧಾನಸೌಧದ ಸಂಗತಿ ಸ್ವಲ್ಪ ವಿವರವಾಗಿ ಹೇಳತಕ್ಕದ್ದು. 1951ರಲ್ಲಿ ನೆಹರೂ ಅಡಿಗಲ್ಲಿಟ್ಟು, ಕೆಂಗಲ್ ಹನುಮಂತಯ್ಯನವರ ಹಟದಿಂದ ಕಲ್ಲಿನ ಮೇಲೆ ಕಲ್ಲು ಏರಿ 1956ರಲ್ಲಿ ಮುಗಿದ ಈ ಕಟ್ಟಡದ ಹಣೆಯ ಮೇಲೆ ಸರ್ಕಾರದ ಕೆಲಸ ದೇವರ ಕೆಲಸವೆಂದು ಕೆತ್ತಿದೆ. ದೇವರ ಕೆಲಸವಾದ್ದರಿಂದ ದರ್ಶನಕ್ಕೆ ಸರದಿಯೂ ಇದೆ. ಒಳಗೆ ಕೆಲಸವಿದ್ದವರಿಗೆ ಪಾಸು ಬೇಕು. ಪಾಸು ಸಿಕ್ಕಿದವರಿಗೆ ಕಟ್ಟಡ ನೋಡಲು ಪುರುಸೊತ್ತಿರುವುದಿಲ್ಲ. ಇಷ್ಟು ದೊಡ್ಡ ಸೌಧದಲ್ಲಿ ಅವರು ಕಂಡದ್ದು ಕೊಠಡಿ ಸಂಖ್ಯೆಗಳನ್ನು ಮಾತ್ರ. 2025ರ ಜೂನ್‌ನಿಂದ ಟಿಕೆಟ್ ಪಡೆದು, ವಿವರಿಸುವವರ ಜೊತೆ ಒಳಗೆ ಸುತ್ತಿಬರುವ ಏರ್ಪಾಟು ಬಂತು. ಆದರೆ ಅದಿರುವುದು ಭಾನುವಾರ, ಎರಡನೇ ಮತ್ತು ನಾಲ್ಕನೇ ಶನಿವಾರಗಳಂದು, ಅಂದರೆ ಯಾವ ದಿನ ಯಾವ ಊರಿನ ಯಾವ ಗುಮಾಸ್ತನನ್ನೂ ಕೆಲಸದ ಮೇಲೆ ಬೆಂಗಳೂರಿಗೆ ಕಳಿಸುವುದಿಲ್ಲವೋ ಆ ದಿನ. ಆದ್ದರಿಂದ ಮತ್ತೋಡಿನವರು ವಿಧಾನಸೌಧವನ್ನು ಈಗಲೂ ಎದುರಿನ ಫುಟ್‌ಪಾತಿನಿಂದಲೇ ನೋಡುತ್ತಾರೆ, ಬೆನ್ನು ಮಾಡಿ. ಸೆಲ್ಫಿಗೆ ಬೇರೆ ಭಂಗಿಯಿಲ್ಲ.

ಬಾಗಿಲು ಮುಚ್ಚುವ ದಿನಗಳೂ ಹೀಗೆಯೇ ಕೂಡಿಬರುತ್ತವೆ. ಭಾನುವಾರ ಊರಲ್ಲಿ ಮನೆಮಂದಿಯೊಂದಿಗೆ ಕಳೆದು ಸೋಮವಾರ ಬೆಂಗಳೂರು ಮುಟ್ಟಿದರೆ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಅಂದೇ ರಜೆ. ವಾರದ ಕೊನೆಗೆ ಕೆಲಸ ಮುಗಿಸಿ ಶುಕ್ರವಾರ ಗಾಂಧಿ ಬಜಾರಿಗೆ ಹೋದರೆ 1943ರ ವಿದ್ಯಾರ್ಥಿ ಭವನಕ್ಕೆ ಅಂದೇ ರಜೆ. ಬಿ.ಎಂ.ಟಿ.ಸಿ. ನಡೆಸುವ ‘ಬೆಂಗಳೂರು ದರ್ಶಿನಿ’ ಬಸ್ಸು ಇದಕ್ಕೆಲ್ಲ ಉತ್ತರವೆಂದು ಕೆಲವರು ಹೇಳುವುದುಂಟು. ಅದಕ್ಕೆ ಬೆಳಗಿನಿಂದ ಸಂಜೆಯವರೆಗೆ ಇಡೀ ದಿನ ಕೊಡಬೇಕು. ಅಷ್ಟು ಧೈರ್ಯದ ನೌಕರ ಇನ್ನೂ ನೇಮಕವಾಗಿಲ್ಲ.

ಉಳಿದದ್ದು ಲಾಲ್‌ಬಾಗು. ಇದಕ್ಕೆ ಹಸಿರು ಮಾರ್ಗ ತುಂಬ ಅನುಕೂಲ. ಮೆಜೆಸ್ಟಿಕ್ಕಿನಿಂದ ಚಿಕ್ಕಪೇಟೆ, ಮಾರ್ಕೆಟ್ಟು, ನ್ಯಾಷನಲ್ ಕಾಲೇಜು, ನಾಲ್ಕನೆಯದೇ ಲಾಲ್‌ಬಾಗು. ಹೈದರಾಲಿ 1760ರಲ್ಲಿ ಆರಂಭಿಸಿದ ತೋಟ ಇಂದು 240 ಎಕರೆ. ‘ಎಕರೆ’ ಎಂಬ ಶಬ್ದ ಕಿವಿಗೆ ಬಿದ್ದ ಕೂಡಲೇ ಮತ್ತೋಡಿನ ರೈತನ ಕಣ್ಣು ಬದಲಾಗುತ್ತದೆ. ಹೂವಿನ ಮಡಿ, ಗುಲಾಬಿ, ದೇಶವಿದೇಶದ ಮರ ಎಲ್ಲ ಹಿಂದೆ ಸರಿದು, ಇಷ್ಟು ನೆಲದಲ್ಲಿ ಎಷ್ಟು ತೆಂಗಿನ ಸಸಿ ಕೂರುತ್ತಿದ್ದವು, ಕೆರೆಯ ನೀರಿಗೆ ಎಷ್ಟು ಪಂಪು ಬೇಕಾಗುತ್ತಿತ್ತು ಎಂಬ ಲೆಕ್ಕ ಶುರುವಾಗುತ್ತದೆ. ಜನವರಿ ಮತ್ತು ಆಗಸ್ಟ್‌ನ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಬೆಂಗಳೂರಿನಲ್ಲಿ ಸಭೆ ಬಿದ್ದರೆ, ಬೇರೆ ದಿನಗಳಲ್ಲಿ ‘ನಂಗೆ ಬಿ.ಪಿ., ನೀವು ಹೋಗಿ’ ಎನ್ನುವವರೆಲ್ಲ ಸ್ವಯಂಪ್ರೇರಿತರಾಗಿ ಮುಂದೆ ಬರುತ್ತಾರೆ.

ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದು; 1975ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಅದನ್ನು ರಾಷ್ಟ್ರೀಯ ಸ್ಮಾರಕವೆಂದು ಸಾರಿತು. ಕೆಲಸದ ಮೇಲೆ ಬಂದವರು ಅದಕ್ಕೆ ಕೊಡುವುದು ಏಳೆಂಟು ನಿಮಿಷ, ಹತ್ತಿ ಇಳಿಯುವುದೂ ಸೇರಿ. ಚಿತ್ರದುರ್ಗ ಜಿಲ್ಲೆಯವರಿಗೆ ಬಂಡೆ ತೋರಿಸಿ ಬೆರಗು ಹುಟ್ಟಿಸುವುದು ಕಷ್ಟ. ಅಂಥದೇ ಮಾನ್ಯತೆ ಪಡೆದ ಶಿಲೆ ಅವರ ಜಿಲ್ಲೆಯಲ್ಲೇ ಇದೆ: ಮರಡಿಹಳ್ಳಿಯ ದಿಂಬಿನಾಕಾರದ ಲಾವಾ ಕಲ್ಲುಗಳು, ಪುರಾತನ ಕಡಲ ತಳದಲ್ಲಿ ಉಕ್ಕಿ ನೀರಿಗೆ ತಾಗಿ ಗಟ್ಟಿಯಾದವು. ಅದನ್ನು ನೋಡಲು ಯಾವ ಇಲಾಖೆಯೂ ಯಾರನ್ನೂ ಓ.ಓ.ಡಿ. ಮೇಲೆ ಕಳಿಸಿಲ್ಲವಾದ್ದರಿಂದ ಮತ್ತೋಡಿನಲ್ಲಿ ಅದನ್ನು ಕಂಡವರು ವಿರಳ.

ಗಾಜಿನ ಮನೆಯ ಮುಂದೆ ಮಾತ್ರ ಮತ್ತೋಡಿನವರು ಒಂದಿಷ್ಟು ಹೆಚ್ಚು ಹೊತ್ತು ನಿಲ್ಲಲು ಹಕ್ಕುಳ್ಳವರು. 1889ರಲ್ಲಿ ಬ್ರಿಟಿಷ್ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲಿಟ್ಟ ಈ ಮನೆಯ ಕಬ್ಬಿಣದ ಹಂದರ ಬಂದದ್ದು ಗ್ಲ್ಯಾಸ್ಗೋದಿಂದ. ಆದರೆ ಅದಕ್ಕೂ ಬಹಳ ಮೊದಲೇ ಮತ್ತೋಡು ಗಾಜಿನ ಊರಾಗಿತ್ತು. ಅಲ್ಲಿನ ಕುಲುಮೆಗಳಲ್ಲಿ ಬಣ್ಣಬಣ್ಣದ ಬಳೆಗಳು ತಯಾರಾಗುತ್ತಿದ್ದವು. ಇದನ್ನು ನೋಡಿ ಬರೆದಿಟ್ಟವನು ಡಾಕ್ಟರ್ ಫ್ರಾನ್ಸಿಸ್ ಬುಕಾನನ್. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯ ಮೇಲೆ ಮದರಾಸಿನಿಂದ ಹೊರಟ ಆತ ಮೈಸೂರು ಸೀಮೆಯನ್ನೆಲ್ಲ ಅಳೆದ. ಬೆಂಗಳೂರಿನಲ್ಲಿ ಸುಲ್ತಾನರ ತೋಟಗಳನ್ನು ಕಂಡ, ಮತ್ತೋಡಿನಲ್ಲಿ ಗಾಜು ಕರಗುವುದನ್ನು ಕಂಡ. ಎರಡನ್ನೂ ಒಂದೇ ಸರ್ಕಾರಿ ಪ್ರವಾಸದಲ್ಲಿ, ಯಾರಿಗೂ ಹೆದರದೆ, ಸಾವಕಾಶವಾಗಿ ನೋಡಿದ. ನೋಡುವುದೇ ಅವನ ಕೆಲಸವಾಗಿತ್ತು. ಹೋಗಿಬಂದ ವರದಿ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಈಗಿನ ನೌಕರ ಹೋಗಿಬಂದದ್ದಕ್ಕೆ ಅರ್ಧ ಹಾಳೆಯ ಹಾಜರಾತಿ ಪತ್ರ ತಂದರೆ ಸಾಕು. ಅದನ್ನು ಕೊಡುವ ಗುಮಾಸ್ತ ಮಾತ್ರ ಸಾಮಾನ್ಯವಾಗಿ ಊಟಕ್ಕೆ ಹೋಗಿರುತ್ತಾನೆ.

ಮೂರು ಗಂಟೆಗೆ ಕಚೇರಿಗೆ ವಾಪಸಾಗುವವನ ಪ್ಯಾಂಟಿನ ತುದಿಗೆ ಲಾಲ್‌ಬಾಗಿನ ಕೆಮ್ಮಣ್ಣು ಮೆತ್ತಿರುತ್ತದೆ. ಅದನ್ನು ಕಂಡೂ ಕಾಣದಂತಿರುವುದು ಕಚೇರಿಗಳ ಸೌಜನ್ಯ. ಅಲ್ಲಿನವರೂ ಒಂದು ಕಾಲಕ್ಕೆ ಯಾವುದೋ ತಾಲ್ಲೂಕಿನಿಂದ ಹೀಗೆಯೇ ಬಂದವರು. ಕಡತಕ್ಕೆ ರುಜು ಬಿದ್ದರೂ ಬೀಳದಿದ್ದರೂ ಐದೂವರೆಗೆ ಎಲ್ಲರೂ ಮೆಜೆಸ್ಟಿಕ್ಕಿನತ್ತ ಹೊರಡುತ್ತಾರೆ. ಧರ್ಮಾಂಬುಧಿ ಕೆರೆಯಿದ್ದ ಆ ಜಾಗದಲ್ಲಿ ಈಗ ನೀರಿನ ಬದಲು ಜನ. ಮನೆಯವರಿಗೊಂದು ಪೊಟ್ಟಣ ಸಿಹಿ, ಮಕ್ಕಳಿಗೊಂದು ಪ್ಲಾಸ್ಟಿಕ್ಕಿನ ಬಸ್ಸು ಕೊಳ್ಳುವುದು ಇಲ್ಲಿಯೇ. ನೆಂಟರ ಮನೆ ಮುಟ್ಟದ ಕಾಯಿಗಳು ಚೀಲದಲ್ಲೇ ಉಳಿದು ಊರಿಗೆ ಮರುಪ್ರಯಾಣ ಮಾಡುತ್ತವೆ.

ಕೊನೆಯ ಘಟ್ಟ ಟಿ.ಎ. ಬಿಲ್ಲು. ಹೊರಟ ವೇಳೆ, ತಲುಪಿದ ವೇಳೆ, ಪ್ರಯಾಣದ ಉದ್ದೇಶ, ಇಷ್ಟಕ್ಕೆ ಅದರಲ್ಲಿ ಅಂಕಣಗಳಿವೆ. ಹನ್ನೊಂದೂವರೆಯಿಂದ ಮೂರರವರೆಗಿನ ಹೊತ್ತಿಗೆ ಅಂಕಣವಿಲ್ಲ. ಅಲ್ಲಿ ‘ಅಧಿಕಾರಿಗಳ ಭೇಟಿಗಾಗಿ ಕಾಯುವಿಕೆ’ ಎಂದು ಬರೆಯುವುದು ರೂಢಿ. ಅದರಲ್ಲಿ ಸುಳ್ಳೇನೂ ಇಲ್ಲ. ಗಾಜಿನ ಮನೆಯ ಮುಂದೆ ನಿಂತೂ ಕಾಯಬಹುದು. ಇನ್ನು ಕೋರ್ಟಿನ ಕಕ್ಷಿದಾರನಿಗೆ ಬಿಲ್ಲೂ ಇಲ್ಲ, ಭತ್ಯೆಯೂ ಇಲ್ಲ, ಇರುವುದು ಮುಂದಿನ ತಾರೀಖು ಮಾತ್ರ. ಹೈದರ್ ಶುರುಮಾಡಿ ಟಿಪ್ಪು 1791ರಲ್ಲಿ ಮುಗಿಸಿದ ಮಾರ್ಕೆಟ್ಟಿನ ಮರದ ಅರಮನೆ, ಬಸವನಗುಡಿಯ ದೊಡ್ಡ ಬಸವಣ್ಣ ಇನ್ನೂ ಬಾಕಿಯಿವೆ. ಬದುವಿನ ಕೇಸು ಅಷ್ಟರಲ್ಲಿ ಮುಗಿಯುವ ಸೂಚನೆಯಿಲ್ಲವಾದ್ದರಿಂದ ಅವನಿಗೆ ಅವಸರವೂ ಇಲ್ಲ.