ಬ್ರೌಸರ್ ರಾಯರು

ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿಗೆ ಹೋದರೂ ಒಬ್ಬರು ಬ್ರೌಸರ್ ರಾಯರು ಸಿಗುತ್ತಾರೆ. ಹಗಲೆಲ್ಲ ಹೊಟ್ಟೆಪಾಡಿನ ಕೋಡು, ರಾತ್ರಿ ಧರ್ಮಾರ್ಥದ ಕೋಡು. ನೀವು ಕ್ರೋಮ್‌ನಲ್ಲಿ ರೈಲು ಟಿಕೆಟ್ ಬುಕ್ ಮಾಡುತ್ತಿದ್ದರೆ ಹೆಗಲ ಮೇಲಿಂದ ಇಣುಕಿ, “ಈ ಸ್ಕ್ರಾಲ್‌ಬಾರ್ ಇದೆಯಲ್ಲ, ಅದರಲ್ಲಿ ನಮ್ಮದೂ ಒಂದು ಕೈ ಇದೆ” ಅನ್ನುತ್ತಾರೆ. ಎಷ್ಟು ಕೈ ಎಂದು ಕೇಳಬಾರದು. ಒಂದು ಸಾಲು.

ಕ್ರೋಮ್ ಅಂದರೂ ಒಪ್ಪುವುದಿಲ್ಲ. “ಕ್ರೋಮಿಯಂ ಅನ್ನಿ. ಅದರೊಳಗಿನ ಎಂಜಿನ್ನು ಬ್ಲಿಂಕ್” ಎಂದು ತಿದ್ದಿ, ಉಪನಯನದಲ್ಲಿ ಪ್ರವರ ಹೇಳುವ ವಟುವಿನಂತೆ ಶುರುಮಾಡುತ್ತಾರೆ: 1998ರಲ್ಲಿ ಕೆಡಿಇ ಬಳಗದ ಕೆಎಚ್‌ಟಿಎಂಎಲ್, ಅದರಿಂದ ಆಪಲ್ ಬೆಳೆಸಿದ ವೆಬ್‌ಕಿಟ್, 2013ರಲ್ಲಿ ಅಲ್ಲಿಂದ ಗೂಗಲ್ ಪಾಲು ಮಾಡಿಕೊಂಡ ಬ್ಲಿಂಕ್. ಅಷ್ಟರಲ್ಲಿ ನಿಮ್ಮ ತತ್ಕಾಲ್ ಟಿಕೆಟ್ ಮುಗಿದಿರುತ್ತದೆ.

ಆ ಒಂದು ಸಾಲಿಗಾಗಿ ಅವರು ಪಟ್ಟ ಪಾಡು ಮಾತ್ರ ಸಣ್ಣದಲ್ಲ. ಹೊರಗಿನವರೂ ತಿದ್ದಬಹುದಾದ ಕ್ರೋಮಿಯಂನ ಕೋಡು ಇಳಿಸಿಕೊಂಡು ಬಿಲ್ಡ್ ಮಾಡಲು 100 ಜಿಬಿಯಾದರೂ ಜಾಗ ಬೇಕು. ಹಾಗಾಗಿ ತಂಗಿಯ ಮದುವೆ ವಿಡಿಯೊ ಪೆನ್‌ಡ್ರೈವಿಗೆ ಗುಳೆ ಹೋಯಿತು. ಲ್ಯಾಪ್‌ಟಾಪು ರಾತ್ರಿಯಿಡೀ ಬುಸುಗುಟ್ಟಿ ಬೆಳಗಿನ ಜಾವಕ್ಕೆ ಒಂದು ಎರರ್ ಕಕ್ಕಿತು. ರಾಯರು ಹಲ್ಲುಜ್ಜದೆ ಮತ್ತೆ ಶುರುಮಾಡಿದರು.

ಪ್ಯಾಚ್, ಅಂದರೆ ಆ ತಿದ್ದುಪಡಿ, ಗೆರಿಟ್ ಎಂಬ ಕೋಡು ಪರಿಶೀಲನೆಯ ತಾಣಕ್ಕೆ ಏರಿದ ಮೇಲೆ ನಿಜವಾದ ಪರೀಕ್ಷೆ. ಹೊರಗಿನವರ ಕೋಡಿಗೆ ಇಬ್ಬರು ಕಮಿಟರ್‌ಗಳ, ಅಂದರೆ ಕೋಡು ಸೇರಿಸುವ ಹಕ್ಕುಳ್ಳವರ, ಒಪ್ಪಿಗೆ ಬೇಕು. ಒಬ್ಬರು “ಕಾಮೆಂಟಿನ ಕೊನೆಗೆ ಪೂರ್ಣವಿರಾಮ ಇಲ್ಲ” ಎಂದರು. ಇನ್ನೊಬ್ಬರು “ಸಾಲು 80 ಅಕ್ಷರ ದಾಟಿದೆ” ಎಂದರು. ಆಮೇಲೆ ಇಬ್ಬರೂ ಸೇರಿ “ಟೆಸ್ಟ್ ಎಲ್ಲಿ?” ಎಂದರು. ಒಂದು ಸಾಲಿನ ರಿಪೇರಿಗೆ ಒಂದು ಪುಟದ ಟೆಸ್ಟು. ಮನೆಯಲ್ಲಿ ಯಾರ ಒಂದು ಮಾತನ್ನೂ ಕೇಳದ ರಾಯರು ಇಲ್ಲಿ ಪ್ರತಿಯೊಂದಕ್ಕೂ ತಲೆಬಾಗಿ “ಡನ್” ಒತ್ತಿದರು. ಟೆಸ್ಟು ಓಡಿಸಿದರೆ ವಿಂಡೋಸ್ ಪಾಸು, ಮ್ಯಾಕ್ ಪಾಸು, ಆಂಡ್ರಾಯ್ಡ್ ಫೇಲು. ಏನನ್ನೂ ಮುಟ್ಟದೆ ಮತ್ತೆ ಓಡಿಸಿದಾಗ ಅದೂ ಪಾಸು.

ಹಳ್ಳಿಯಿಂದ ಬಂದ ಸೋದರತ್ತೆಗೆ ಇದೆಲ್ಲ ಅರ್ಥವಾಗಲಿಲ್ಲ.

“ಎಷ್ಟು ಕೊಡ್ತಾರೋ ಇದಕ್ಕೆ?”

“ಏನೂ ಕೊಡಲ್ಲ ಅತ್ತೆ.”

“ಮತ್ತೆ ನಡುರಾತ್ರಿ ತನಕ ಯಾಕೋ ಎದ್ದಿರ್ತೀಯ?”

“ರಿವ್ಯೂ ಮಾಡೋರು ಕ್ಯಾಲಿಫೋರ್ನಿಯಾದಲ್ಲಿ ಆಗಷ್ಟೇ ಕೆಲಸಕ್ಕೆ ಕೂರ್ತಾರೆ ಅತ್ತೆ.”

“ಅವರಿಗಾದರೂ ಸಂಬಳ ಇದೆಯೇನೋ?”

ರಾಯರು ಕಾಫಿ ಕುಡಿಯಲು ಎದ್ದು ಹೋದರು.

ಮೊದಲ ಪ್ಯಾಚಿನ ಜೊತೆಗೇ ‘ಆಥರ್ಸ್’ ಎಂಬ ಫೈಲಿಗೆ ಹೆಸರು ಸೇರಿಸುವ ಪದ್ಧತಿಯಿದೆ. ರಿಪೇರಿ ಒಂದು ಸಾಲು, ಹೆಸರಿನದು ಇನ್ನೊಂದು ಸಾಲು. ಅದರ ಸ್ಕ್ರೀನ್‌ಶಾಟ್ ಫ್ಯಾಮಿಲಿ ಗ್ರೂಪಿಗೆ ಹೋಯಿತು. ಇಬ್ಬರು ಕೈಮುಗಿದರು, ಚಿಕ್ಕಪ್ಪ “ಹ್ಯಾಪಿ ಬರ್ತ್‌ಡೇ” ಎಂದರು. ಅಂದಿನಿಂದ ರಾಯರು ಎಲ್ಲವನ್ನೂ ರಿವ್ಯೂ ಮಾಡುತ್ತಾರೆ. ಮದುವೆ ಕರೆಯೋಲೆ ಕೊಟ್ಟರೆ “ಇಲ್ಲೊಂದು ಅಲ್ಪವಿರಾಮ ಬೇಕಿತ್ತು” ಎನ್ನುತ್ತಾರೆ. ಹೆಂಡತಿಯ ದಿನಸಿ ಚೀಟಿಯಲ್ಲಿ ಉದ್ದಿನಬೇಳೆ ಎರಡು ಸಲ ಬಂದಿದ್ದನ್ನು ಹಿಡಿದುಕೊಟ್ಟರು. ಅಂಗಡಿಯಿಂದ ಬರುವಾಗ ಉದ್ದಿನಬೇಳೆಯನ್ನೇ ಮರೆತು ಬಂದರು.

ಕಮಿಟರ್ ಆಗಲು ಗಟ್ಟಿ ಪ್ಯಾಚುಗಳೇ 10–20 ಆದರೂ ಬೇಕು. ರಾಯರ ಲಿಂಕ್ಡ್‌ಇನ್‌ಗೆ ಅಷ್ಟು ತಾಳ್ಮೆಯಿಲ್ಲ. ಅಲ್ಲಿ ಅವರು ಆಗಲೇ ‘ಬ್ರೌಸರ್ ಎಂಜಿನ್ ತಜ್ಞ’.

ಆದರೂ ನ್ಯಾಯ ನ್ಯಾಯವೇ. ಎಡ್ಜ್, ಒಪೆರಾ, ಬ್ರೇವ್ ಎಲ್ಲವೂ ನಿಂತಿರುವುದು ಇದೇ ಕ್ರೋಮಿಯಂ ಮೇಲೆ. ರಾಯರ ಸಾಲು ಅಲ್ಲೆಲ್ಲ ಬಿಟ್ಟಿ ದುಡಿಯುತ್ತಿದೆ. ಊರಿಗಾಗುವ ಕೆಲಸವನ್ನು ಕಾಸಿಲ್ಲದೆ ಮಾಡಿಕೊಟ್ಟವರು ಒಂದಿಷ್ಟು ಕೊಚ್ಚಿಕೊಂಡರೆ ಕಿವಿಗೊಡಿ, ನಷ್ಟವಿಲ್ಲ. ನಿಮ್ಮ ಬ್ರೌಸರ್ ಹ್ಯಾಂಗ್ ಆದಾಗ ಮಾತ್ರ ಅವರನ್ನು ಕರೆಯಬೇಡಿ. “ಅದು ಬೇರೆ ಟೀಮು” ಅನ್ನುತ್ತಾರೆ.