ಇಲಿಯ ಅಪ್ಪ

ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ನಮ್ಮ ಊರುಗಳ ಶಾಲಾ ಮೈದಾನಗಳಲ್ಲಿ ಸಂಜೆಹೊತ್ತು ತಪ್ಪದೆ ಕಾಣಸಿಗುವ ಒಬ್ಬ ಮನುಷ್ಯನಿದ್ದಾನೆ. ಇಸ್ತ್ರಿ ಮಡಿಕೆ ಮಾಸದ ಅಂಗಿ, ಪೂರ್ತಿ ಚಾರ್ಜ್ ಮಾಡಿದ ಫೋನು, ಅಕ್ಕಪಕ್ಕದ ಮೂರು ಪ್ಲಾಸ್ಟಿಕ್ ಕುರ್ಚಿಗಳನ್ನು ಹಿಡಿದಿಡಲು ಒಂದು ಕರ್ಚೀಫು, ಒಂದು ನೀರಿನ ಬಾಟಲಿ, ಹೆಂಡತಿಯ ವ್ಯಾನಿಟಿ ಬ್ಯಾಗು. ಆಮಂತ್ರಣದಲ್ಲಿ 4.30 ಎಂದಿದ್ದರೆ ಆತ 4ಕ್ಕೇ ಹಾಜರು. ಮುಖ್ಯ ಅತಿಥಿಗಳು ದಯಮಾಡಿಸುವುದು 5.45ಕ್ಕೆ. ದೀಪ ಬೆಳಗಿ, ಪ್ರಾರ್ಥನೆ ಮುಗಿದು, ವಾರ್ಷಿಕ ವರದಿಯ ವಾಚನವಾಗಿ, ಶಾಲು ಪೇಟ ಹಣ್ಣಿನ ಬುಟ್ಟಿಗಳೆಲ್ಲ ಒಬ್ಬೊಬ್ಬರ ಕೈ ಸೇರುವವರೆಗೂ ಅವನು ಕಾಯುವುದು ಮೂರು ನಿಮಿಷದ ಒಂದು ನೃತ್ಯಕ್ಕೆ. ಅದರಲ್ಲಿ ನಲವತ್ತು ಮಕ್ಕಳು ಕುಣಿದರೂ ಅವನ ಕಣ್ಣಿಗೆ ಬೀಳುವುದು ಒಂದೇ. ಇಂಥವನನ್ನು ಕೆಟ್ಟ ಪ್ರೇಕ್ಷಕನೆಂದು ಜರೆಯುವುದು ರೂಢಿ. ನನ್ನ ತಕರಾರು ಬೇರೆ: ಅವನು ಪ್ರೇಕ್ಷಕನೇ ಅಲ್ಲ. ಆ ಸಂಜೆ ನೋಡುವ ಕೆಲಸ ವೇದಿಕೆಯ ಮೇಲಿನವರದು. ಕುರ್ಚಿಯಲ್ಲಿರುವವನದು ಕಾಣಿಸಿಕೊಳ್ಳುವ ಕೆಲಸ.

ಸಾಕ್ಷಿಗೆ ದೂರ ಹೋಗಬೇಕಿಲ್ಲ, 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಸಾಕು. ಬ್ರೌನಿಂಗ್‌ನ ಕವನದಿಂದ ಪ್ರೇರಣೆ ಪಡೆದು ಕುವೆಂಪು ಬರೆದ ಈ ಕಥನಕವನ ನಮ್ಮ ಶಾಲೆಗಳ ಅಚ್ಚುಮೆಚ್ಚಿನ ರೂಪಕವಾಗಿರುವುದಕ್ಕೆ ಕಾವ್ಯಗುಣವೊಂದೇ ಕಾರಣವಲ್ಲ, ಇಲಿಗಳೂ ಕಾರಣ. ಜೋಗಿ ಒಬ್ಬನೇ, ಗೌಡನೂ ಒಬ್ಬನೇ, ಆದರೆ ಇಲಿಗಳಿಗೆ ಮಿತಿಯಿಲ್ಲ. ಎಲ್‌ಕೆಜಿಯ ಎರಡು ವಿಭಾಗಗಳನ್ನೂ ಹತ್ತಿಸಿ, ಜ್ವರದಿಂದೆದ್ದು ಬಂದವನಿಗೂ ಒಂದು ಬಾಲ ಸಿಕ್ಕಿಸಿ ಕಳಿಸಬಹುದು. ಮರ, ನಕ್ಷತ್ರ, ಪುಣ್ಯಕೋಟಿಯ ಜೊತೆಯ ಹಸುಗಳು ಚಾಲ್ತಿಯಲ್ಲಿರುವುದೂ ಇದೇ ಕಾರಣಕ್ಕೆ. ಈಗ ಆ ಇಲಿಗಳನ್ನು ಗಮನಿಸಿ. ಎರಡು ತಿಂಗಳು ಮಿಸ್ ಕಲಿಸಿದ ಸ್ಟೆಪ್ಪು ಪರದೆ ಸರಿದೊಡನೆ ಮರೆತುಹೋಗುತ್ತದೆ. ಇಲಿ ನಿಂತಲ್ಲೇ ನಿಂತು, ಹಣೆಗೆ ಕೈ ಅಡ್ಡ ಹಿಡಿದು, ಸಭೆಯನ್ನು ಸಾಲುಸಾಲಾಗಿ ತಪಾಸಣೆ ಮಾಡುತ್ತದೆ. ಅಪ್ಪ ಸಿಕ್ಕಿದನೋ, ಜೋಗಿಯ ಕಿಂದರಿ ಎತ್ತಲಾದರೂ ಹೋಗಲಿ, ಇಲಿ ಕೈ ಬೀಸುತ್ತದೆ. ಪಕ್ಕದ ಇಲಿಗೂ ತೋರಿಸಿ ಕೊಡುತ್ತದೆ. ಸಿಗದಿದ್ದರೆ ತುಟಿ ಸೊಟ್ಟಗಾಗುತ್ತದೆ, ಪರದೆಯ ಮರೆಯಲ್ಲಿ ಬಾಗಿ ಕುಣಿದು ತೋರಿಸುತ್ತಿರುವ ಮಿಸ್‌ಗೆ ಎದೆ ಧಸಕ್ ಎನ್ನುತ್ತದೆ. ಯಾರು ಯಾರನ್ನು ನೋಡಲು ಬಂದಿದ್ದಾರೆಂಬುದಕ್ಕೆ ಇದಕ್ಕಿಂತ ಪುರಾವೆ ಬೇಕೆ? (ಕಥೆಯಲ್ಲಿ ಜೋಗಿಗೆ ಹೇಳಿದ ಹಣ ಕೊಡದೆ ಊರಿನವರು ಮಕ್ಕಳನ್ನು ಕಳೆದುಕೊಳ್ಳುತ್ತಾರೆ. ನಮ್ಮ ಶಾಲೆಗಳು ಆ ಪಾಠ ಕಲಿತಿವೆ. ವೇಷದ ಹಣ ನವೆಂಬರಿನಲ್ಲೇ ವಸೂಲು.)

ಫೋನಿನ ಆಕ್ಷೇಪ ಗೊತ್ತಿರುವುದೇ: ಮಗು ಎದುರಿಗಿರುವಾಗ ಇವನು ಅಂಗೈಯಗಲದ ಪರದೆಯಲ್ಲಿ ನೋಡುತ್ತಾನೆ, ಹಿಂದಿನ ಸಾಲಿನವರಿಗೆ ಇವನ ಮೊಣಕೈ ಮಾತ್ರ ಕಾಣುತ್ತದೆ. ಮಾತು ನಿಜ. ಆದರೆ ಆ ವಿಡಿಯೋ ಮುಂದೆ ಏನಾಗುತ್ತದೆಂದು ನೋಡಿ. ಅರ್ಧ ಭಾಗ ಮುಂದಿನವರ ತಲೆ, ಉಳಿದರ್ಧದಲ್ಲಿ ಬೇರೆಯವರ ಇಲಿ. ಮನೆಮಂದಿಯ ವಾಟ್ಸ್ಆ್ಯಪ್ ಗುಂಪಿಗೆ ಅದು ಹೋಗುತ್ತದೆ, ಅತ್ತೆ ಚಿಕ್ಕಮ್ಮಂದಿರಿಂದ ಹೆಬ್ಬೆರಳುಗಳು ಬರುತ್ತವೆ, ಅಲ್ಲಿಗೆ ಅದರ ಆಯುಸ್ಸು ಮುಗಿಯಿತು. ಇಷ್ಟಕ್ಕಾಗಿ ಯಾರೂ ಕುರ್ಚಿ ಹತ್ತಿ ನಿಲ್ಲುವುದಿಲ್ಲ. ವೇದಿಕೆಯ ದೀಪ ಕಣ್ಣಿಗೆ ಹೊಡೆಯುವಾಗ ಎದುರಿನ ಕತ್ತಲಲ್ಲಿ ಮಗುವಿಗೆ ಮುಖ ತಿಳಿಯುವುದಿಲ್ಲ. ಎತ್ತಿ ಹಿಡಿದ ಬೆಳಕು ತಿಳಿಯುತ್ತದೆ. ಜಾತ್ರೆಯಲ್ಲಿ ತಪ್ಪಿಸಿಕೊಂಡವರಿಗೆ ಕೋಲಿನ ತುದಿಗೆ ಟವಲು ಕಟ್ಟಿ ತೋರಿಸಿದಂತೆ, ಇವನ ಫೋನು. ಅವನೇ ಇದನ್ನು ಒಪ್ಪಲಿಕ್ಕಿಲ್ಲ, ನೆನಪಿಗಾಗಿ ಎನ್ನುತ್ತಾನೆ.

ಹಾಗಾದರೆ ತನ್ನ ಮಗುವಿನ ನೃತ್ಯ ಮುಗಿದೊಡನೆ ಎದ್ದು ಹೋಗುತ್ತಾನಲ್ಲ, ಇದೆಂಥ ಸಭ್ಯತೆ ಎಂದು ಕೇಳಬಹುದು. ಕಾಣಿಸಿಕೊಂಡಾಯಿತು, ಇನ್ನೇನು ಕೆಲಸ? ಶಾಲೆಗಳಿಗೆ ಈ ಮರ್ಮ ಎಂದೋ ತಿಳಿದಿದೆ. ಅದಕ್ಕೇ ಬಹುಮಾನ ವಿತರಣೆಯನ್ನು ಹರಿದು ಹಂಚುತ್ತಾರೆ, ಕೊನೆಗೆ ಎಲ್ಲ ಮಕ್ಕಳನ್ನೂ ಮತ್ತೊಮ್ಮೆ ವೇದಿಕೆಗೆ ಹತ್ತಿಸುತ್ತಾರೆ, ಗುರುತಿನ ಚೀಟಿ ತೋರಿಸಿದರೂ ಕಾರ್ಯಕ್ರಮ ಮುಗಿಯದೆ ಮಗುವನ್ನು ಒಪ್ಪಿಸುವುದಿಲ್ಲ. ನೃತ್ಯದ ಮಧ್ಯೆ ಹಿಂದಿನ ಸಾಲು ಮುಂದಕ್ಕೆ ಬರುವುದೂ ಕಲೆಯ ಒತ್ತಾಯದಿಂದಲ್ಲ, ಮರುದಿನ ಕಚೇರಿಗೆ ಬರಬಹುದಾದ ಅಮ್ಮಂದಿರ ಭಯದಿಂದ. ಆಮೇಲೆ ಭಾಷಣ. ರಾತ್ರಿ 10ರ ನಂತರ ಧ್ವನಿವರ್ಧಕ ಹಚ್ಚುವಂತಿಲ್ಲವೆಂದು 2000ದ ಶಬ್ದಮಾಲಿನ್ಯ ನಿಯಮಗಳು ಹೇಳದಿದ್ದರೆ ಮುಖ್ಯ ಅತಿಥಿಗಳಿಗೆ ಬೇರೆ ಕಡಿವಾಣವೇ ಇರಲಿಲ್ಲ.

ಇನ್ನೂ ಗಟ್ಟಿಯಾದ ಆಕ್ಷೇಪ ಕರಾವಳಿಯ ಕಡೆಯಿಂದ ಬರುತ್ತದೆ. ದಕ್ಷಿಣ ಕನ್ನಡ, ಉಡುಪಿಯ ಹಳ್ಳಿ ಶಾಲೆಗಳಲ್ಲಿ ಸ್ಕೂಲ್ ಡೇ ಎಂದರೆ ಊರಿನ ಹಬ್ಬ. ಮಕ್ಕಳ ಯಕ್ಷಗಾನ, ಹಳೆ ವಿದ್ಯಾರ್ಥಿಗಳ ನಾಟಕ. ಶಾಲೆಯಲ್ಲಿ ಓದುವ ಮಕ್ಕಳಿಲ್ಲದವರೂ ಬಂದು ಕೊನೆಯವರೆಗೆ ಕೂರುತ್ತಾರೆ. ಅಲ್ಲಿ ಯಾರೂ ಕುರ್ಚಿ ಹತ್ತುವುದಿಲ್ಲವಲ್ಲ? ಹತ್ತಬೇಕಾಗಿಲ್ಲ. ಆ ಮಗು ಎತ್ತ ಕಣ್ಣು ಹಾಯಿಸಿದರೂ ಪಕ್ಕದ್ಮನೆ ಅಜ್ಜಿಯೋ, ಅಂಗಡಿಯ ಮಾಮನೋ, ಸೋಡಾ ಮಾರುವವನೋ, ಗುರುತಿನ ಮುಖವೊಂದು ಸಿಕ್ಕೇ ಸಿಗುತ್ತದೆ. ಕಾಣಿಸಿಕೊಳ್ಳುವ ಹೊರೆಯನ್ನು ಊರೇ ಹಂಚಿಕೊಂಡಿದೆ. ನಗರದ ಬಾಡಿಗೆ ಸಭಾಂಗಣದಲ್ಲಿ ಆ ಇಡೀ ಊರಿನ ಪಾತ್ರವನ್ನು ಇಬ್ಬರೇ ಆಡಬೇಕು. ಸ್ವಲ್ಪ ಅತಿಯಾಗಿ ಆಡುತ್ತಾರೆ ಅಷ್ಟೆ. ಗಾರ್ಮೆಂಟ್ಸ್ ಕಾರ್ಖಾನೆಗೆ ಅರ್ಧ ದಿನ ರಜೆ ಹಾಕಿದರೆ ಸಂಬಳ ಕಡಿತವಾಗುವ ಅಮ್ಮನಿಗೆ ಅದೂ ಆಗುವುದಿಲ್ಲ. ಗುರುವಾರ ಮಧ್ಯಾಹ್ನಕ್ಕೆ ಕಾರ್ಯಕ್ರಮವಿಟ್ಟು 'ಪೋಷಕರ ಉಪಸ್ಥಿತಿ ಕಡ್ಡಾಯ' ಎಂದು ಅಚ್ಚು ಹಾಕಿಸುವ ಆಡಳಿತ ಮಂಡಳಿಗಳ ಬಗ್ಗೆ ನನಗೆ ತಮಾಷೆ ಮಾಡುವ ಮನಸ್ಸಿಲ್ಲ.

ಇದೆಲ್ಲ ಮಮತೆಯ ಸೋಗಿನ ಒಣಜಂಭ ಎನ್ನುವವರಿಗೆ ಒಂದಂಶ ಬಿಟ್ಟುಕೊಡುತ್ತೇನೆ. ಮಾರ್ಚಿನಲ್ಲಿ ಯುಕೆಜಿ ಮುಗಿಸಿದವರಿಗೆ ಕರಿ ನಿಲುವಂಗಿ ತೊಡಿಸಿ, ಚೌಕದ ಟೋಪಿ ಇಟ್ಟು, ಸುರುಳಿ ಸುತ್ತಿದ ಪದವಿಪತ್ರ ಕೊಡುವ ಗ್ರ್ಯಾಜುಯೇಷನ್ ಡೇ ಎಂಬುದೊಂದಿದೆ. ಅಲ್ಲಿ ಮಗುವಿಗೆ ಟೋಪಿ ಕಣ್ಣಿಗಿಳಿದು ಯಾರೂ ಕಾಣುವುದಿಲ್ಲ, ಆದ್ದರಿಂದ ಆ ಸಮಾರಂಭ ಶುದ್ಧ ದೊಡ್ಡವರದೇ. ಅದನ್ನು ಸಮರ್ಥಿಸುವ ಹೊಣೆ ನನ್ನದಲ್ಲ. ಆದರೆ ಇಲಿಯ ಅಪ್ಪನನ್ನು ಅದೇ ಗಂಟಿಗೆ ಕಟ್ಟಬೇಡಿ. ವಂದನಾರ್ಪಣೆಯಲ್ಲಿ ದೀಪದವರಿಗೆ, ಧ್ವನಿವರ್ಧಕದವರಿಗೆ, ಶಾಮಿಯಾನದವರಿಗೆ, ಕೊನೆಗೆ 'ಪೋಷಕ ಬಂಧುಗಳಿಗೆ' ಧನ್ಯವಾದ ಹೇಳುವ ಹೊತ್ತಿಗೆ ಅವನು ಸಭೆಯಲ್ಲಿ ಇರುವುದೇ ಇಲ್ಲ. ಗ್ರೀನ್ ರೂಮಿನ ಬಾಗಿಲಲ್ಲಿ ನೂಕುನುಗ್ಗಲಿನ ನಡುವೆ ನಿಂತು, ಒಂದೇ ಅಳತೆಯ, ಒಂದೇ ಬೂದು ಬಣ್ಣದ, ಕಾಡಿಗೆಯ ಮೀಸೆ ಕೆನ್ನೆಗೆಲ್ಲ ಹರಡಿಕೊಂಡ ನಲವತ್ತರಲ್ಲಿ ತನ್ನದು ಯಾವುದೆಂದು ಹುಡುಕುತ್ತಿರುತ್ತಾನೆ.